ಬಲೆಗಂಟು

ಮೋರಿಸ್ ಗಾಡಿ ತಳ್ಳಿಸಿಕೊಂಡೇ ಬಂತು
ಕೋಡಿಬಾಗದ ತಿರುವಿನಿಂದ ನನ್ನ ಅಂಗಡಿವರೆಗೆ.
ಹಿಂದೆ ಇಬ್ಬರು ಹುಡುಗರು, ಸ್ಟೇರಿಂಗಿನಲ್ಲಿ ಎವೆಲಿನಾ ಬಾಯಿ,
ಚಪ್ಪಲಿ ಬಿಚ್ಚಿ ಪಕ್ಕದ ಸೀಟಿನ ಮೇಲಿಟ್ಟು.
"ಓಡ್ತದೆ. ಚಾರ್ಜು ಮಾತ್ರ ಆಗೂದಿಲ್ಲ" ಎಂದರು
ಮನೆಯಲ್ಲಿ ಯಾರದೋ ಸ್ವಭಾವ ಹೇಳುವ ಹಾಗೆ.

ಅಂಕೋಲೆಯವನೊಬ್ಬ ಹೇಳಿದ್ದನಂತೆ:
ಈ ಡೈನಮೋ ಗುಜರಿಗೆ ಹಾಕಿ,
ಮಾರುತಿಯದ್ದೊಂದು ಆಲ್ಟರ್ನೇಟರ್ ಕೂರಿಸಿಕೊಡುತ್ತೇನೆ,
ಬಾನೆಟ್ ಮುಚ್ಚಿದರೆ ಯಾರಿಗೆ ಗೊತ್ತು?
ನನಗೂ ಅದೇ ಸಲೀಸು. ಅರ್ಧ ದಿನದ ಕೆಲಸ.
ಸುಮ್ಮನೆ ಒಮ್ಮೆ ನೋಡೋಣವೆಂದು
ಬೆಲ್ಟು ಸಡಿಲಿಸಿ, ಎರಡು ಉದ್ದ ಬೋಲ್ಟು ತಿರುವಿ
ಮುಚ್ಚಳ ಎಳೆದೆ.

ಒಳಗೆ ಸಮುದ್ರ.
ಉಪ್ಪುಗಾಳಿ ತಾಮ್ರದ ಮೇಲೆ ಹಸಿರಾಗಿ ಕೂತಿತ್ತು,
ಬ್ರಶ್ಶು ಸವೆದು ಕಿರುಬೆರಳ ಉಗುರಿನಷ್ಟು,
ಬುಶ್ಶಿನಲ್ಲಿ ಶಾಫ್ಟು ಹಲ್ಲಿಲ್ಲದ ಬಾಯಲ್ಲಿ ನಾಲಗೆಯಂತೆ.
ಮತ್ತು ಫೀಲ್ಡ್ ಕಾಯಿಲಿನ ಸುತ್ತ,
ಹತ್ತಿಪಟ್ಟಿ ಇರಬೇಕಾದಲ್ಲಿ,
ಬಲೆ ಹೆಣೆಯುವ ದಾರ.
ಹನ್ನೊಂದು ಗಂಟು,
ಎಳೆದಷ್ಟೂ ಬಿಗಿಯುವಂಥವು.

ಪುರ್ಸು ಹರಿಕಂತ್ರ!
ಸಹಿ ಹಾಕಲು ಬಾರದ ನನ್ನ ಗುರು,
ಬೈತಖೋಲದ ದೋಣಿ ಬಿಟ್ಟು ಬ್ಯಾಟರಿ ಹಿಡಿದವ.
ಟ್ರಕ್ಕಿನ ತಂತಿಯಿರಲಿ, ಊಟದ ಬುತ್ತಿಯಿರಲಿ,
ಎಲ್ಲದಕ್ಕೂ ಆ ಒಂದೇ ಗಂಟು.
ನನ್ನ ಕೈಗೆ ಹತ್ತಲೇ ಇಲ್ಲ.
"ನಿಂದು ಗುಮಾಸ್ತನ ಬೆರಳು ಮಾರಾಯ" ಎಂದು
ಬೀಡಿಯ ಹೊಗೆಯೊಳಗೆ ನಗುತ್ತಿದ್ದ.

ಮೀಟರಿಟ್ಟು ನೋಡಿದರೆ ಕಾಯಿಲು ಗಟ್ಟಿ.
ಆಲ್ಟರ್ನೇಟರ್ ಮಾತು ಅಲ್ಲಿಗೇ ಮುಗಿಯಿತು.

ಮುರಿದ ಹ್ಯಾಕ್ಸಾ ಬ್ಲೇಡಿನ ತುಣುಕಿನಿಂದ
ತಾಮ್ರದ ಪಟ್ಟಿಗಳ ನಡುವಿನ ಅಭ್ರಕ ಕೆರೆಯುತ್ತ ಕೂತೆ,
ಎವೆಲಿನಾ ಬಾಯಿ ಸ್ಟೂಲೆಳೆದು ಎದುರು ಕೂತರು.
ಅಪ್ಪ ಇನಾಸನ ಟ್ಯಾಕ್ಸಿ ಇದು.
ಕಾಳಿಗೆ ಸೇತುವೆ ಇಲ್ಲದ ಕಾಲ;
ಸದಾಶಿವಗಡದ ಕೊನೇ ಲಾಂಚು ತಡವಾದರೆ
ಗಾಡಿಯನ್ನು ನೀರಿಗೆ ಮುಖಮಾಡಿ ನಿಲ್ಲಿಸಿ
ಎರಡೂ ದೀಪ ಹಾಕಿ ಕಾಯುತ್ತಿದ್ದನಂತೆ, ಇಂಜಿನ್ನು ಬಂದು ಮಾಡಿ.
ಪೆಟ್ರೋಲಿಗೆ ದುಡ್ಡು, ಬೆಳಕಿಗೇನು ದುಡ್ಡೇ?
ಬೆಳಿಗ್ಗೆ ಬ್ಯಾಟರಿ ಹೆಣ.
ಹ್ಯಾಂಡಲ್ ತಿರುವುವ ಪಾಳಿ ಮಗಳದ್ದು.
"ಇಲ್ಲಿ ನೋಡು" ಎಂದು ಸೊಟ್ಟ ಮಣಿಕಟ್ಟು ಚಾಚಿದರು,
"ಹನ್ನೆರಡನೇ ವರ್ಷಕ್ಕೆ ಒದ್ದದ್ದು."

ಗಂಟುಗಳ ಮೇಲೆ ವಾರ್ನಿಶ್ ಬಳಿದು
ಎರಡು ದಿನ ಬಿಸಿಲಿಗಿಟ್ಟೆ.
ಹೊಸ ಬ್ರಶ್ಶು, ಎಣ್ಣೆಯಲ್ಲಿ ನೆನೆಸಿದ ಬುಶ್ಶು.
ಕಟ್‌ಔಟಿನ ಕಪ್ಪುಗಟ್ಟಿದ ತುಟಿಗಳನ್ನು ಉಜ್ಜಿದೆ.
ಡೈನಮೋಗೆ ಕೊಡುವ ತಾಕತ್ತು ಬಂದಾಗ ತೆರೆದು,
ಇಲ್ಲದಾಗ ಮುಚ್ಚಿ,
ಬ್ಯಾಟರಿಯ ಗಂಟು ಹಿಂದಕ್ಕೆ ಸೋರದಂತೆ ಕಾಯುವ ಬಾಗಿಲು ಅದು.
ಇನಾಸನಿಗೆ ಅಂಥದ್ದೊಂದು ಇರಲಿಲ್ಲ.

ಕಡೆಯದಾಗಿ, ಪುರ್ಸು ಕಲಿಸಿದ್ದು:
ವರ್ಷಗಟ್ಟಲೆ ನಿಂತ ಕಬ್ಬಿಣಕ್ಕೆ
ತನ್ನ ಉತ್ತರ ದಕ್ಷಿಣ ಮರೆತಿರುತ್ತದೆ.
ಫೀಲ್ಡಿನ ಟರ್ಮಿನಲಿಗೆ ಬ್ಯಾಟರಿಯ ತಂತಿ
ಒಮ್ಮೆ ತಾಗಿಸಿ ತೆಗೆಯಬೇಕು.
ಹೆಚ್ಚು ಹೊತ್ತಲ್ಲ. ಸಾಸಿವೆ ಸಿಡಿಯುವಷ್ಟು.
ಈ ಗಾಡಿಯಲ್ಲಿ ಭೂಮಿಗೆ ಪಾಸಿಟಿವ್;
ಯಾವನೋ ಬುದ್ಧಿವಂತ ಬ್ಯಾಟರಿ ತಿರುಗಾಮುರುಗಾ ಕೂರಿಸಿದ್ದ,
ಅದನ್ನೂ ಸರಿಮಾಡಿ, ತಾಗಿಸಿದೆ.
ಚಿಟ್.

ಸಂಜೆ ಗಾಡಿಯನ್ನು ಸೇತುವೆಯ ಕೆಳಗೆ ಒಯ್ದೆವು,
ಹಳೇ ಧಕ್ಕೆಯ ಕಲ್ಲುಗಳ ಹತ್ತಿರ.
ಇಂಜಿನ್ನು ಮೆಲ್ಲಗೆ ತಿರುಗುತ್ತಿತ್ತು, ಕೆಂಪು ದೀಪ ಉರಿಯುತ್ತಿತ್ತು.
ಬಾಯಿ ಬರಿಗಾಲಲ್ಲಿ ಎಕ್ಸಲೇಟರ್ ಒತ್ತಿದರು.
ಕೆಂಪು ನಡುಗಿತು, ಮಸುಕಾಯಿತು, ಹೋಯಿತು.
ಹೆಡ್‌ಲೈಟು ಹಾಕಿದರು.
ಮುಳ್ಳು ಒಮ್ಮೆ ಕೆಳಗಿಳಿದು
ಮತ್ತೆ ಏರಿ ನಿಂತಿತು.
ಕಾಳಿಯ ಮೇಲೆ ಎರಡು ಹಳದಿ ದಾರಿ,
ಬರುವವರು ಯಾರೂ ಇಲ್ಲ.
ಆದರೂ ಹತ್ತು ನಿಮಿಷ ಆರಿಸಲಿಲ್ಲ ಅವರು.
ನಾನೂ ಹೇಳಲಿಲ್ಲ.

ರಾತ್ರಿ ಅಂಗಡಿಯಲ್ಲಿ ಒಬ್ಬನೇ
ತುಂಡು ತಂತಿ ಹಿಡಿದು ಆ ಗಂಟು ಹಾಕಿ ನೋಡಿದೆ.
ಎಳೆದೆ. ಬಿಚ್ಚಿಕೊಂಡಿತು.
ಮತ್ತೆ ಹಾಕಿದೆ.